ಸಂಘದ ಜಾಲತಾಣದ ಹೆಸರು ಬೇರೆಯವರ ಖಾತೆಯಲ್ಲಿ ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳುವುದು ಹೇಗೆ?

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರರ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಬಾದಾಮಿ, ಮಲ್ಲಿಕಾ, ರಸಪುರಿ ಹಣ್ಣುಗಳನ್ನು ದಲ್ಲಾಳಿಗಳಿಲ್ಲದೆ ಬೆಂಗಳೂರಿನ ಮನೆಗಳಿಗೆ ಕಳುಹಿಸಬೇಕೆಂದು ಕೆಲವು ವರ್ಷಗಳ ಹಿಂದೆ ಸಂಘದ ಹೆಸರಿನಲ್ಲಿ ಡಾಟ್ ಕಾಮ್ ವಿಳಾಸವಿರುವ ಜಾಲತಾಣ ಮಾಡಿಸಿದ್ದೆವು. ಮಾಡಿಕೊಟ್ಟವರು ಬೆಂಗಳೂರಿನ ಒಬ್ಬ ವೆಬ್ ಡಿಸೈನರ್. ಹೆಸರು, ಹೋಸ್ಟಿಂಗ್ (ಪುಟದ ಕಡತಗಳನ್ನು ಇಡುವ ಜಾಗ), ಇಮೇಲ್ ಎಲ್ಲವನ್ನೂ ಸೇರಿಸಿ ಪ್ರತಿವರ್ಷ ಅವರಿಗೆ ಒಂದೇ ಬಿಲ್ಲಿನಲ್ಲಿ ಹಣ ಕಟ್ಟುತ್ತಾ ಬಂದಿದ್ದೇವೆ.

ಈಗ ಹಣ್ಣು ಕೀಳುವ ಕಾಲ ಹತ್ತಿರ ಬಂದಿರುವಾಗ ನಮ್ಮ ಪುಟದ ಜಾಗದಲ್ಲಿ ಯಾವುದೋ ಜಾಹೀರಾತುಗಳ ಪುಟ ತೆರೆದುಕೊಳ್ಳುತ್ತಿದೆ, ಸಂಘದ ಇಮೇಲ್‌ಗೆ ಬರಬೇಕಾದ ಆರ್ಡರ್‌ಗಳೂ ನಿಂತುಹೋಗಿವೆ. ಡಿಸೈನರ್ ಫೋನ್ ಎತ್ತುತ್ತಿಲ್ಲ. ಈ ಸಾಲಿನ ರಟ್ಟಿನ ಪೆಟ್ಟಿಗೆಗಳ ಮೇಲೆಲ್ಲ ಅದೇ ವಿಳಾಸ ಅಚ್ಚಾಗಿ ಬಂದು ಗೋದಾಮಿನಲ್ಲಿ ಕೂತಿದೆ. ಹೆಸರು ನಮ್ಮದು, ಹಣ ಕಟ್ಟಿದವರು ನಾವು. ಹೀಗಿದ್ದರೂ ಅದು ನಮ್ಮ ಕೈ ತಪ್ಪಿದ್ದು ಹೇಗೆ, ಯಾರ ಬಳಿ ಹೋಗಿ ಕೇಳಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಕೋಟೆಬೀದಿ, ಕೋಲಾರ

ಒಮ್ಮೆ ದುಡ್ಡು ಕೊಟ್ಟು ಕೊಂಡ ಹೆಸರು ಶಾಶ್ವತವಾಗಿ ನಿಮ್ಮದೇ ಅಲ್ಲವೇ ಅಕ್ಕಾ? ನೇರವಾಗಿ ಪೊಲೀಸರಿಗೆ ದೂರು ಕೊಡಿ.

ಸರ್ವರ್ ಕೋಣೆ, ತುಮಕೂರು

ಕೋಟೆಬೀದಿಯವರೇ, ಇಂಟರ್‌ನೆಟ್ಟಿನ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲು ಸಾಧ್ಯವಿಲ್ಲ. ಡಾಟ್ ಕಾಮ್ ಹೆಸರನ್ನು ಒಂದು ವರ್ಷದಿಂದ ಹತ್ತು ವರ್ಷಗಳವರೆಗೆ ನೋಂದಾಯಿಸಿಕೊಳ್ಳಬಹುದು, ಅವಧಿ ಮುಗಿಯುವ ಮೊದಲು ನವೀಕರಿಸಿಕೊಳ್ಳುತ್ತಾ ಹೋಗಬಹುದು, ಅಷ್ಟೇ. ಜಮೀನಿನ ಮಾತಿನಲ್ಲಿ ಹೇಳುವುದಾದರೆ ಇದು ಗುತ್ತಿಗೆ, ಕ್ರಯವಲ್ಲ. ಗುತ್ತಿಗೆ ಪತ್ರದಲ್ಲಿ ಯಾರ ಹೆಸರಿದೆಯೋ ಅವರಿಗೇ ಹಕ್ಕು, ಹಣ ಯಾರ ಜೇಬಿನಿಂದ ಹೋಯಿತು ಎಂಬುದನ್ನು ನೋಂದಣಿ ಪುಸ್ತಕ ಕೇಳುವುದಿಲ್ಲ.

ಇಲ್ಲಿ ಮೂರು ಹಂತದ ಸಂಸ್ಥೆಗಳಿವೆ. ಹೆಸರುಗಳ ಒಟ್ಟು ವ್ಯವಸ್ಥೆಯ ನಿಯಮಗಳನ್ನು ನೋಡಿಕೊಳ್ಳುವುದು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್. ಡಾಟ್ ಕಾಮ್‌ನ ಮೂಲ ದಾಖಲೆ ಪುಸ್ತಕ, ಅಂದರೆ ರಿಜಿಸ್ಟ್ರಿ, ಇರುವುದು ವೆರಿಸೈನ್ ಎಂಬ ಅಮೆರಿಕದ ಕಂಪನಿಯ ಬಳಿ. ಜನರಿಂದ ಹಣ ಪಡೆದು ಆ ಪುಸ್ತಕದಲ್ಲಿ ಹೆಸರು ಬರೆಸುವ ಅಂಗಡಿಗಳಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಡಿಸೈನರ್ ಈ ಮೂವರಲ್ಲಿ ಯಾರೂ ಅಲ್ಲ. ಅವರು ರಿಜಿಸ್ಟ್ರಾರ್ ಬಳಿ ತಮ್ಮ ಹೆಸರಿನಲ್ಲಿ, ತಮ್ಮ ಇಮೇಲ್ ಕೊಟ್ಟು ಒಂದು ಖಾತೆ ತೆರೆದು, ಅದರೊಳಗೆ ನಿಮ್ಮ ಹೆಸರನ್ನು ಇಟ್ಟುಕೊಂಡಿರುವ ಸಾಧ್ಯತೆಯೇ ಹೆಚ್ಚು. ನವೀಕರಣದ ನೆನಪೋಲೆಗಳು ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಮತ್ತೆ ಒಂದು ವಾರ ಮೊದಲು, ಮುಗಿದ ಐದು ದಿನಗಳೊಳಗೆ ಇನ್ನೊಮ್ಮೆ ಬರಬೇಕೆಂದು ಐಕ್ಯಾನ್ ನಿಯಮವಿದೆ. ಆದರೆ ಅವೆಲ್ಲ ಹೋಗುವುದು ಖಾತೆಯಲ್ಲಿರುವ ಇಮೇಲ್‌ಗೆ, ಸಂಘಕ್ಕಲ್ಲ.

ಮೊದಲು ಹೆಸರಿನ ಈಗಿನ ಸ್ಥಿತಿ ಏನೆಂದು ನೋಡಿ. ಐಕ್ಯಾನ್‌ನ ಲುಕಪ್ ಪುಟದಲ್ಲಿ ನಿಮ್ಮ ವಿಳಾಸವನ್ನು ಹಾಕಿದರೆ ರಿಜಿಸ್ಟ್ರಾರ್ ಯಾರು, ಅವಧಿ ಯಾವಾಗ, ಸ್ಥಿತಿ ಏನು ಎಂಬುದು ಕಾಣುತ್ತದೆ. ಸ್ಥಿತಿಯ ಸಾಲಿನಲ್ಲಿರುವುದನ್ನು ಇದ್ದಂತೆಯೇ ಇಲ್ಲಿ ಬರೆಯಿರಿ, ಅದರ ಮೇಲೆಯೇ ಎಲ್ಲವೂ ನಿಂತಿದೆ.

ಗೂಡುಮಾರುಕಟ್ಟೆ, ಶಿಡ್ಲಘಟ್ಟ

ಇಷ್ಟೆಲ್ಲ ತಾಪತ್ರಯ ಏಕೆ ಎಂಬುದು ನನ್ನ ಪ್ರಶ್ನೆ. ನಮ್ಮ ರೇಷ್ಮೆ ನೂಲು ಬಿಚ್ಚುವವರ ಗುಂಪು ವಾಟ್ಸಾಪ್ ಮತ್ತು ಫೇಸ್‌ಬುಕ್ ಪುಟದಲ್ಲೇ ವ್ಯವಹಾರ ನಡೆಸುತ್ತಿದೆ. ಹೆಸರು ಬೇಡ, ನವೀಕರಣ ಬೇಡ, ಯಾರ ಹಂಗೂ ಇಲ್ಲ.

ಚಿಂತಾಮಣಿ ಮೇಷ್ಟ್ರು

ಹಂಗು ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ, ನಮ್ಮ ಗಡಿಯಾರದಲ್ಲಿ ಒಂಬತ್ತು ದಾಟುತ್ತಿದ್ದಂತೆ, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಕಾಲ ನಿಂತುಹೋಗಿದ್ದವು. ನಿಮ್ಮ ಗುಂಪಿನ ವ್ಯವಹಾರ ಆ ರಾತ್ರಿ ಎಲ್ಲಿ ನಡೆಯಿತು? ಪುಟ ನಿಮ್ಮದಾದರೂ ಅದರ ಬಾಗಿಲಿನ ಬೀಗ ಕಂಪನಿಯ ಬಳಿಯೇ ಇರುತ್ತದೆ. ಸ್ವಂತ ಹೆಸರಿದ್ದರೆ ಇವತ್ತು ಒಂದು ಹೋಸ್ಟಿಂಗ್, ನಾಳೆ ಇನ್ನೊಂದು ಎಂದು ಬದಲಾಯಿಸಬಹುದು, ಗ್ರಾಹಕನಿಗೆ ಗೊತ್ತೂ ಆಗುವುದಿಲ್ಲ.

ಸರ್ವರ್ ಕೋಣೆ, ತುಮಕೂರು

ಮೇಷ್ಟ್ರು ಹೇಳಿದ ಘಟನೆ ಈ ಚರ್ಚೆಗೆ ಬಹಳ ಹತ್ತಿರದ್ದು. ಅಂದು ಕಂಪನಿಯ ಜಾಲದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಅವರ ಡೇಟಾ ಕೇಂದ್ರಗಳ ನಡುವಿನ ಸಂಪರ್ಕ ಕಡಿದುಹೋಯಿತು. ಅದರ ಬೆನ್ನಲ್ಲೇ ಅವರ ನೇಮ್ ಸರ್ವರ್‌ಗಳಿಗೆ, ಅಂದರೆ ಹೆಸರಿಗೆ ತಕ್ಕ ಐಪಿ ಸಂಖ್ಯೆ (ಇಂಟರ್‌ನೆಟ್ಟಿನಲ್ಲಿ ಕಂಪ್ಯೂಟರಿನ ವಿಳಾಸ) ಹೇಳುವ ಕಂಪ್ಯೂಟರ್‌ಗಳಿಗೆ, ಹೋಗುವ ದಾರಿಯೂ ಇಂಟರ್‌ನೆಟ್ಟಿನ ದಾರಿಪಟ್ಟಿಯಿಂದ ಅಳಿಸಿಹೋಯಿತು. ಹೊರಗಿನವರಿಗೆ ಹೆಸರಿಗೆ ತಕ್ಕ ಸಂಖ್ಯೆ ಹೇಳುವವರೇ ಇಲ್ಲವಾದ್ದರಿಂದ ಹೆಸರೇ ಅಳಿಸಿಹೋದಂತೆ ಕಂಡಿತು.

ಕೊಬ್ಬರಿ ಮಂಡಿ, ತಿಪಟೂರು

ಹೆಸರಿಗೆ ತಕ್ಕ ಸಂಖ್ಯೆ ಎಂದಿರಿ. ಹಾಗಾದರೆ ಶ್ರೀನಿವಾಸಪುರದ ಅಕ್ಕನವರು ಆ ಐಪಿ ಸಂಖ್ಯೆಯನ್ನೇ ಗ್ರಾಹಕರಿಗೆ ಕೊಟ್ಟುಬಿಟ್ಟರೆ ಸಾಕಲ್ಲವೇ? ಹೆಸರಿನ ಗೊಡವೆಯೇ ಬೇಡ.

ಸರ್ವರ್ ಕೋಣೆ, ತುಮಕೂರು

ಆಗುವುದಿಲ್ಲ ಸ್ವಾಮಿ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಐಪಿ ಸಂಖ್ಯೆಯ ಹಿಂದೆ ನೂರಾರು ಜಾಲತಾಣಗಳು ಇರುತ್ತವೆ. ಬ್ರೌಸರ್ ಆ ಸರ್ವರನ್ನು ತಲುಪಿದ ಮೇಲೆ ಯಾವ ಹೆಸರನ್ನು ಹುಡುಕಿಕೊಂಡು ಬಂದಿದ್ದೇನೆ ಎಂದು ಹೇಳುತ್ತದೆ, ಅದನ್ನು ನೋಡಿ ಸರ್ವರ್ ಆಯಾ ಪುಟವನ್ನು ಕೊಡುತ್ತದೆ. ಬರೀ ಸಂಖ್ಯೆ ಹಿಡಿದು ಹೋದರೆ ಯಾರ ಪುಟ ಕೊಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಬೀಗದ ಗುರುತು ತೋರಿಸುವ ಸುರಕ್ಷತಾ ಪ್ರಮಾಣಪತ್ರವೂ ಸಾಮಾನ್ಯವಾಗಿ ಹೆಸರಿಗೆ ಕೊಟ್ಟದ್ದೇ ಹೊರತು ಸಂಖ್ಯೆಗಲ್ಲ.

ಇಮೇಲ್ ನಿಂತದ್ದಕ್ಕೂ ಕಾರಣ ಇದೇ. ಒಂದು ಹೆಸರಿನ ಕೆಳಗೆ ಹಲವು ಬಗೆಯ ದಾಖಲೆಗಳಿರುತ್ತವೆ: ಜಾಲತಾಣ ಯಾವ ಐಪಿ ಸಂಖ್ಯೆಯಲ್ಲಿದೆ ಎಂದು ಹೇಳುವುದು ಎ ದಾಖಲೆ, ಅಂಚೆ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು ಎಂಎಕ್ಸ್ ದಾಖಲೆ. ಅವಧಿ ಮುಗಿದ ಹೆಸರನ್ನು ರಿಜಿಸ್ಟ್ರಾರ್ ತನ್ನ ನೇಮ್ ಸರ್ವರ್‌ಗೆ ತಿರುಗಿಸಿಕೊಂಡಾಗ ಹಳೆಯ ದಾಖಲೆಗಳೆಲ್ಲ ಒಟ್ಟಿಗೆ ಮರೆಯಾಗುತ್ತವೆ. ಅಕ್ಕನವರ ಪುಟದ ಕಡತಗಳು ಹೋಸ್ಟಿಂಗ್‌ನಲ್ಲಿ ಸುರಕ್ಷಿತವಾಗಿಯೇ ಇರಬಹುದು, ಅಲ್ಲಿಗೆ ಕರೆದೊಯ್ಯುವ ಕೊಂಡಿ ಮಾತ್ರ ಕಡಿದಿದೆ.

ಕೋಟೆಬೀದಿ, ಕೋಲಾರ

ಈ ಸಂಖ್ಯೆಗಳನ್ನೆಲ್ಲ ಇಟ್ಟುಕೊಂಡಿರುವುದು ಪ್ರಪಂಚದ ಹದಿಮೂರು ಕಂಪ್ಯೂಟರ್‌ಗಳಲ್ಲಿ ಎಂದು ಓದಿದ್ದೇನೆ. ಅವು ಕೆಟ್ಟರೆ ಎಲ್ಲರ ಗತಿಯೂ ಇದೇ ತಾನೇ?

ಸರ್ವರ್ ಕೋಣೆ, ತುಮಕೂರು

ಹದಿಮೂರು ಎಂಬುದು ಕಂಪ್ಯೂಟರ್‌ಗಳ ಲೆಕ್ಕವಲ್ಲ, ಹುಡುಕಾಟ ಶುರುವಾಗುವ ರೂಟ್ ಸರ್ವರ್‌ಗಳಿಗೆ ಎ ಯಿಂದ ಎಂ ವರೆಗೆ ಇಟ್ಟ ಹದಿಮೂರು ಹೆಸರುಗಳ ಲೆಕ್ಕ. ಹಿಂದೆ 512 ಬೈಟ್‌ಗಳ ಒಂದೇ ಉತ್ತರದಲ್ಲಿ ಅಷ್ಟು ಸರ್ವರ್‌ಗಳ ವಿವರ ಮಾತ್ರ ಹಿಡಿಸುತ್ತಿದ್ದುದರಿಂದ ಆ ಸಂಖ್ಯೆ ಬಂತು. ಹನ್ನೆರಡು ಸಂಸ್ಥೆಗಳು ಅವುಗಳನ್ನು ನಡೆಸುತ್ತವೆ, ಪ್ರತಿ ಹೆಸರಿನ ಹಿಂದೆಯೂ ಬೇರೆ ಬೇರೆ ದೇಶಗಳಲ್ಲಿ ಹರಡಿದ ಯಂತ್ರಗಳಿವೆ, ಒಟ್ಟು ಸಾವಿರಕ್ಕೂ ಹೆಚ್ಚು.

ಎರಡನೆಯದಾಗಿ, ರೂಟ್ ಸರ್ವರ್‌ಗೆ ನಿಮ್ಮ ಸಂಘದ ಸಂಖ್ಯೆ ಗೊತ್ತೇ ಇರುವುದಿಲ್ಲ. ನಿಮ್ಮ ಫೋನ್ ಮೊದಲು ಮೊಬೈಲ್ ಕಂಪನಿಯ ರಿಸಾಲ್ವರನ್ನು, ಅಂದರೆ ನಿಮ್ಮ ಪರವಾಗಿ ಸಂಖ್ಯೆ ಹುಡುಕಿಕೊಡುವ ಕಂಪ್ಯೂಟರನ್ನು, ಕೇಳುತ್ತದೆ. ಅದು ರೂಟ್ ಬಳಿ ಹೋದರೆ ಸಿಗುವ ಉತ್ತರ, ಡಾಟ್ ಕಾಮ್ ನೋಡಿಕೊಳ್ಳುವವರು ಇಂಥವರು ಎಂಬುದಷ್ಟೇ. ಅವರ ಬಳಿ ಹೋದರೆ, ಈ ಹೆಸರಿನ ನೇಮ್ ಸರ್ವರ್ ಇಂಥದ್ದು ಎನ್ನುತ್ತಾರೆ. ಕೊನೆಗೆ ಆ ನೇಮ್ ಸರ್ವರ್ ಐಪಿ ಸಂಖ್ಯೆಯನ್ನು ಕೊಡುತ್ತದೆ. ಹೀಗೆ ಪ್ರತಿಯೊಬ್ಬರೂ ತಮಗೆ ಗೊತ್ತಿರುವಷ್ಟನ್ನೇ ಹೇಳಿ ಮುಂದಕ್ಕೆ ಕಳುಹಿಸುವುದರಿಂದಲೇ ಕೋಟ್ಯಂತರ ಹೆಸರುಗಳಿದ್ದರೂ ವ್ಯವಸ್ಥೆ ಕುಸಿಯುವುದಿಲ್ಲ. ಮೊದಲು ಹೀಗಿರಲಿಲ್ಲ. ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಜಾಲದ ಕಾಲದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ಸಂಖ್ಯೆಗಳ ಒಂದೇ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ, ಎಲಿಜಬೆತ್ ಫೈನ್‌ಲರ್ ಅವರ ತಂಡ ಕೈಯಿಂದಲೇ ತಿದ್ದಿ ಇಡುತ್ತಿತ್ತು. ಪಟ್ಟಿ ಬೆಳೆದಂತೆ ಅದು ನಡೆಯದ ಮಾತಾಯಿತು, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈ ಹಂಚಿಕೆಯ ವ್ಯವಸ್ಥೆಯನ್ನು ರೂಪಿಸಿದರು.

ಹನಿನೀರು, ಮಾಲೂರು

ಸಂಖ್ಯೆಯ ಮಾತು ಬಂದದ್ದಕ್ಕೆ ಕೇಳುತ್ತೇನೆ. ಪಾಲಿಹೌಸಿನಲ್ಲಿ ಕ್ಯಾಮೆರಾ ಹಾಕಿಸಿ ಮನೆಯಿಂದ ನೋಡೋಣವೆಂದರೆ ಹೊರಗಿನಿಂದ ತೆರೆಯುವುದೇ ಇಲ್ಲ. ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ಬಿಟ್ಟುಕೊಟ್ಟು ನೋಡಿದ್ದೂ ಆಯಿತು. ರೂಟರ್ ತೋರಿಸುವ ಸಂಖ್ಯೆ 100.72 ಎಂದು ಶುರುವಾಗುತ್ತದೆ.

ಸರ್ವರ್ ಕೋಣೆ, ತುಮಕೂರು

ಆ ಸಂಖ್ಯೆಯೇ ಕಾರಣವನ್ನು ಹೇಳುತ್ತಿದೆ. 100.64ರಿಂದ 100.127ರವರೆಗಿನ ಸಂಖ್ಯೆಗಳು ಸೇವಾ ಕಂಪನಿಗಳ ಒಳಬಳಕೆಗೆಂದೇ ಮೀಸಲಾದವು, ಹೊರಜಗತ್ತಿಗೆ ಅವು ಕಾಣುವುದಿಲ್ಲ. ಹಳೆಯ ಬಗೆಯ ಐಪಿವಿ4 ಸಂಖ್ಯೆಗಳು ಒಟ್ಟು ಇರುವುದೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. ಹಾಗಾಗಿ ಕಂಪನಿ ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ಸಂಖ್ಯೆಯ ಹಿಂದೆ ಕೂಡಿಸಿರುತ್ತದೆ. ನೀವು ರೂಟರಿನಲ್ಲಿ ಏನೇ ತೆರೆದರೂ ಕಂಪನಿಯ ಗೋಡೆ ದಾಟುವುದಿಲ್ಲ. ಹೊಸ ಬಗೆಯ ಐಪಿವಿ6 ಸಂಖ್ಯೆಗಳನ್ನು ಬೆಂಬಲಿಸುವ ಕ್ಯಾಮೆರಾ ಮತ್ತು ಸಂಪರ್ಕ ಇದ್ದರೆ ಒಂದು ದಾರಿ, ಸ್ಥಿರ ಐಪಿಗೆ ಹೆಚ್ಚುವರಿ ಹಣ ಕಟ್ಟುವುದು ಇನ್ನೊಂದು ದಾರಿ. ಆದರೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾವನ್ನು ಹೊರಜಗತ್ತಿಗೆ ದಯವಿಟ್ಟು ತೆರೆದಿಡಬೇಡಿ.

ಮಾವಿನತೋಪು, ಶ್ರೀನಿವಾಸಪುರ

ಲುಕಪ್ ಪುಟದಲ್ಲಿ ನೋಡಿದೆ ಸರ್. ಸ್ಥಿತಿಯಲ್ಲಿ ಆಟೋ ರಿನ್ಯೂ ಪೀರಿಯಡ್ ಎಂದಿದೆ. ಅವಧಿ ಮುಗಿಯುವ ದಿನಾಂಕ ಮಾತ್ರ ಮುಂದಿನ ವರ್ಷದ್ದು ತೋರಿಸುತ್ತಿದೆ. ಇನ್ನೂ ಒಂದು ವರ್ಷ ಇದ್ದರೆ ನಮ್ಮ ಪುಟ ಏಕೆ ತೆರೆಯುತ್ತಿಲ್ಲ? ನೋಂದಾಯಿಸಿದವರ ಹೆಸರಿನ ಜಾಗದಲ್ಲಿ ಏನೂ ಕಾಣಿಸುತ್ತಿಲ್ಲ.

ಸರ್ವರ್ ಕೋಣೆ, ತುಮಕೂರು

ಇದು ಒಳ್ಳೆಯ ಸುದ್ದಿ. ಆ ದಿನಾಂಕವನ್ನು ನೋಡಿ ಬಹಳ ಜನ ಮೋಸಹೋಗುತ್ತಾರೆ. ಅವಧಿ ಮುಗಿದ ಕ್ಷಣ ಮೂಲ ರಿಜಿಸ್ಟ್ರಿಯಲ್ಲಿ ಹೆಸರು ತಾನಾಗಿಯೇ ಒಂದು ವರ್ಷ ಮುಂದೆ ಹೋಗುತ್ತದೆ. ನಿಮ್ಮ ಕಡೆಯಿಂದ ಹಣ ಬಾರದಿದ್ದರೆ 45 ದಿನಗಳೊಳಗೆ ಆ ವರ್ಷವನ್ನು ವಾಪಸು ಮಾಡಿ ಹೆಸರನ್ನು ಅಳಿಸುವ ಅವಕಾಶ ರಿಜಿಸ್ಟ್ರಾರ್‌ಗೆ ಇರುತ್ತದೆ. ಅಂದರೆ ಹಣ ಕಟ್ಟಿಲ್ಲ, ಆದರೂ ಹೆಸರು ಇನ್ನೂ ರಿಜಿಸ್ಟ್ರಾರ್ ಕೈಯಲ್ಲೇ ಇದೆ. ಸಾಮಾನ್ಯವಾಗಿ ಈ ಹಂತದಲ್ಲಿ ಮಾಮೂಲಿ ಶುಲ್ಕಕ್ಕೇ ನವೀಕರಣವಾಗುತ್ತದೆ, ಆದರೆ 45 ದಿನ ಪೂರ್ತಿ ಸಿಗುತ್ತದೆ ಎಂದು ನೆಚ್ಚಬೇಡಿ, ಕೆಲವು ಅಂಗಡಿಯವರು ಮೊದಲೇ ಹರಾಜಿಗೆ ಹಾಕುತ್ತಾರೆ. ಅಳಿಸಿದ ಮೇಲೆ ರಿಡೆಂಪ್ಷನ್ ಪೀರಿಯಡ್ ಎಂಬ 30 ದಿನಗಳು ಬರುತ್ತವೆ, ಆಗ ಬಿಡಿಸಿಕೊಳ್ಳಲು ಹಲವು ಪಟ್ಟು ದಂಡ ತೆರಬೇಕು. ಅದೂ ಕಳೆದರೆ 5 ದಿನ ಪೆಂಡಿಂಗ್ ಡಿಲೀಟ್, ಆಮೇಲೆ ಯಾರು ಬೇಕಾದರೂ ನೋಂದಾಯಿಸಬಹುದು. ಹಾಗೆ ಬಿದ್ದ ಹೆಸರುಗಳನ್ನು ಹಿಡಿಯಲೆಂದೇ ಯಂತ್ರಗಳನ್ನು ಓಡಿಸುವವರಿದ್ದಾರೆ.

ಹೆಸರಿನ ಜಾಗ ಖಾಲಿಯಿರುವುದು ಸಹಜ. 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ಕಾನೂನು ಬಂದ ಮೇಲೆ ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ನೋಂದಾಯಿಸಿದವರ ವಿವರವನ್ನು ಮುಚ್ಚಿಡುತ್ತಾರೆ. ನೀವು ಇವತ್ತೇ ಡಿಸೈನರ್‌ಗೆ ಫೋನ್ ಅಲ್ಲದೆ ಇಮೇಲ್, ಅಂಚೆ ಎರಡರಲ್ಲೂ ಬರೆಯಿರಿ. ಕಟ್ಟಿದ ಬಿಲ್ಲುಗಳು, ಬ್ಯಾಂಕಿನ ದಾಖಲೆ, ಸಂಘದ ನೋಂದಣಿ ಪತ್ರ, ಠರಾವು ಎಲ್ಲವನ್ನೂ ಲಗತ್ತಿಸಿ ರಿಜಿಸ್ಟ್ರಾರ್‌ನ ಸಹಾಯವಾಣಿಗೂ ತಿಳಿಸಿ. ಖಾತೆದಾರರಲ್ಲದವರಿಗೆ ಅವರು ಹೆಸರನ್ನು ಕೊಡುವುದಿಲ್ಲ, ಆದರೆ ಪತ್ರ ದಾಖಲಾಗಿರುವುದು ಮುಂದೆ ಅನುಕೂಲಕ್ಕೆ ಬರುತ್ತದೆ.

ಗೂಡುಮಾರುಕಟ್ಟೆ, ಶಿಡ್ಲಘಟ್ಟ

ಡಿಸೈನರ್ ಕೊಡುವುದೇ ಇಲ್ಲ ಎಂದು ಕೂತರೆ?

ಚಿಂತಾಮಣಿ ಮೇಷ್ಟ್ರು

ಡಾಟ್ ಕಾಮ್‌ಗೆ ಯುಡಿಆರ್‌ಪಿ ಎಂಬ ವಿವಾದ ಪರಿಹಾರ ಕ್ರಮ 1999ರಿಂದಲೂ ಇದೆ. ಆದರೆ ಹೆಸರಿನ ಮೇಲೆ ನಿಮಗೆ ಟ್ರೇಡ್‌ಮಾರ್ಕ್ ಹಕ್ಕು ಇದೆ, ಎದುರಿನವರಿಗೆ ನ್ಯಾಯಯುತ ಹಕ್ಕಿಲ್ಲ, ಅವರು ಕೆಟ್ಟ ಉದ್ದೇಶದಿಂದಲೇ ನೋಂದಾಯಿಸಿ ಬಳಸುತ್ತಿದ್ದಾರೆ ಎಂಬ ಮೂರನ್ನೂ ಸಾಬೀತು ಮಾಡಬೇಕು. ಜಿನೀವಾದ ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಮುಂದೆ ಒಬ್ಬ ತೀರ್ಪುಗಾರರ ಪ್ರಕರಣಕ್ಕೆ ಶುಲ್ಕವೇ 1,500 ಡಾಲರ್. ಹಳ್ಳಿಯ ಸಂಘಕ್ಕೆ ಇದು ನಿಲುಕುವ ಮಾತಲ್ಲ. ಡಾಟ್ ಇನ್ ಹೆಸರಾಗಿದ್ದರೆ ಅವುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಎಂಬ ನಮ್ಮ ದೇಶದ್ದೇ ಕ್ರಮ ಅನ್ವಯವಾಗುತ್ತಿತ್ತು.

ಗಡಿನಾಡು, ಬಾಗೇಪಲ್ಲಿ

ಅದಕ್ಕೇ ನಾನು ಮೊದಲಿನಿಂದಲೂ ಡಾಟ್ ಇನ್ ಪರ. ಇನ್ನೂ ಮುಂದೆ ಹೋಗಿ, ಕನ್ನಡದಲ್ಲೇ ಡಾಟ್ ಭಾರತ ಎಂದು ಕೊನೆಗೊಳ್ಳುವ ಹೆಸರು ಸಿಗುತ್ತಿರುವಾಗ ಕನ್ನಡ ನಾಡಿನ ಸಂಘಗಳು ಅದನ್ನು ಪಡೆಯಬಾರದೇಕೆ? ದೇವನಾಗರಿಯಲ್ಲಿ ಇದು 2014ರಲ್ಲೇ ಶುರುವಾಯಿತು, ಈಗ ಕನ್ನಡ ಲಿಪಿಯಲ್ಲೂ ಇದೆ. ನಮ್ಮ ರೈತರಿಗೆ ಓದಲು ಬರುವ ಲಿಪಿಯಲ್ಲೇ ವಿಳಾಸವಿರಲಿ.

ಸರ್ವರ್ ಕೋಣೆ, ತುಮಕೂರು

ಪಡೆಯಲಿ, ನನಗೂ ಸಂತೋಷವೇ. ಆದರೆ ಒಳಗೆ ನಡೆಯುವುದನ್ನು ತಿಳಿದಿರಬೇಕು. ಹೆಸರಿನ ವ್ಯವಸ್ಥೆ ಹಳೆಯ ಕಾಲದ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳ ಮೇಲೆ ಕಟ್ಟಿದ್ದು. ಕನ್ನಡದ ಹೆಸರನ್ನು ಬ್ರೌಸರ್ ಪ್ಯುನಿಕೋಡ್ ಎಂಬ ಕ್ರಮದಿಂದ ಎಕ್ಸ್ ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಿಸಿ ಕಳುಹಿಸುತ್ತದೆ. ಕೆಲವು ಆ್ಯಪ್‌ಗಳಲ್ಲಿ ಕೊಂಡಿ ಹಂಚಿದಾಗ ಗ್ರಾಹಕನಿಗೆ ಆ ಅರ್ಥವಾಗದ ಸಾಲೇ ಕಂಡು, ಮೋಸದ ಕೊಂಡಿಯೆಂದು ಅನುಮಾನಪಡುತ್ತಾನೆ. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಸ್ವೀಕರಿಸದ ಅರ್ಜಿ ನಮೂನೆಗಳೂ ಬಹಳ ಇವೆ. ಆದ್ದರಿಂದ ಕನ್ನಡದ ಹೆಸರನ್ನು ಜೊತೆಗೆ ಇಟ್ಟುಕೊಳ್ಳಿ, ಅದೊಂದನ್ನೇ ನೆಚ್ಚಬೇಡಿ.

ಗಡಿನಾಡು, ಬಾಗೇಪಲ್ಲಿ

ಬಳಸುವವರು ಹೆಚ್ಚದೆ ಆ್ಯಪ್‌ಗಳು ಸರಿಹೋಗುವುದಿಲ್ಲ ಸರ್. ಎಲ್ಲರೂ ಕಾಯುತ್ತಾ ಕೂತರೆ ಇನ್ನು ಇಪ್ಪತ್ತು ವರ್ಷವಾದರೂ ಇದೇ ಮಾತು ಆಡುತ್ತಿರುತ್ತೇವೆ. ಆದರೆ ಒಂದು ಆತಂಕ ನನಗೂ ಇದೆ. ನಮ್ಮ ಊರಿನ ಅಂಗಡಿ ಫಲಕಗಳಲ್ಲಿ ಕನ್ನಡ, ತೆಲುಗು ಎರಡೂ ಇರುತ್ತವೆ, ಎಷ್ಟೋ ಅಕ್ಷರಗಳು ಒಂದೇ ತರಹ ಕಾಣುತ್ತವೆ. ಕನ್ನಡದ ಹೆಸರಿನಂತೆಯೇ ಕಾಣುವ ತೆಲುಗು ಹೆಸರನ್ನು ಬೇರೊಬ್ಬರು ನೋಂದಾಯಿಸಿದರೆ ಏನು ಗತಿ?

ಸರ್ವರ್ ಕೋಣೆ, ತುಮಕೂರು

ಒಳ್ಳೆಯ ಪ್ರಶ್ನೆ. ರೂಟ್ ಮಟ್ಟದ ಹೆಸರುಗಳಿಗೆ ಐಕ್ಯಾನ್ ಮಾಡಿಸಿರುವ ಲಿಪಿ ನಿಯಮಗಳಲ್ಲಿ ಕನ್ನಡ ಮತ್ತು ತೆಲುಗಿನ ಒಂದೇ ರೂಪದ ಅಕ್ಷರಗಳನ್ನು ಪರಸ್ಪರ ಜೋಡಿಯೆಂದು ಗುರುತಿಸಿದ್ದಾರೆ; ಒಂದು ಲಿಪಿಯಲ್ಲಿ ಹೆಸರು ಕೊಟ್ಟರೆ ಅದರ ಜೋಡಿರೂಪ ಬೇರೆಯವರಿಗೆ ಸಿಗುವುದಿಲ್ಲ.

ಕೊಬ್ಬರಿ ಮಂಡಿ, ತಿಪಟೂರು

ಲಿಪಿಯ ಮೋಸಕ್ಕಿಂತ ದೊಡ್ಡ ಮೋಸ ಇಂಗ್ಲಿಷಿನಲ್ಲೇ ನಡೆಯುತ್ತಿದೆ. ಕೊಬ್ಬರಿ ಹರಾಜಿನ ಹಣ ಖಾತೆಗೆ ಬೀಳುವ ದಿನಗಳಲ್ಲೇ ಬ್ಯಾಂಕಿನ ಹೆಸರಿನ ಕೊಂಡಿಗಳು ಎಲ್ಲರ ಫೋನಿಗೂ ಬರುತ್ತವೆ. ನಮ್ಮ ಪಕ್ಕದ ಮಂಡಿಯವರು ಬ್ಯಾಂಕಿನ ಹೆಸರು ಮೊದಲಿಗೇ ಇದೆಯಲ್ಲ ಎಂದು ಒತ್ತಿ ಹಣ ಕಳೆದುಕೊಂಡರು.

ಚಿಂತಾಮಣಿ ಮೇಷ್ಟ್ರು

ಮೊದಲಿಗೆ ಏನಿದೆ ಎಂಬುದಕ್ಕೆ ಬೆಲೆಯೇ ಇಲ್ಲ, ಮಂಡಿಯವರೇ. ಹೆಸರನ್ನು ಬಲಗಡೆಯಿಂದ ಓದಬೇಕು ಎಂದು ನಾನು ಮಕ್ಕಳಿಗೆ ಕಲಿಸುವುದು ಇದಕ್ಕಾಗಿಯೇ. ಶುರುವಿನ ಎಚ್‌ಟಿಟಿಪಿಎಸ್ ಮತ್ತು ಅದರ ಜೋಡಿ ಓರೆಗೆರೆಯನ್ನು ಬಿಟ್ಟು, ಮೊದಲ ಓರೆಗೆರೆ ಬರುವ ಮುಂಚಿನ ಭಾಗವನ್ನು ತೆಗೆದುಕೊಂಡು ಕೊನೆಯಿಂದ ಹಿಂದಕ್ಕೆ ಬನ್ನಿ. ನಿಮ್ಮಬ್ಯಾಂಕ್ ಡಾಟ್ ಕೆವೈಸಿಅಪ್‌ಡೇಟ್ ಡಾಟ್ ಕಾಮ್ ಎಂದಿದ್ದರೆ ಅದರ ಒಡೆಯ ಕೆವೈಸಿಅಪ್‌ಡೇಟ್ ಎಂಬ ಹೆಸರನ್ನು ನೋಂದಾಯಿಸಿದವನು. ಅದರ ಎಡಕ್ಕೆ ಅವನು ಯಾವ ಬ್ಯಾಂಕಿನ ಹೆಸರನ್ನಾದರೂ ಅಂಟಿಸಬಹುದು, ಯಾರ ಅನುಮತಿಯೂ ಬೇಕಿಲ್ಲ. ಬೀಗದ ಗುರುತು ಇದ್ದ ಮಾತ್ರಕ್ಕೂ ನಂಬಬಾರದು, ಆ ಪ್ರಮಾಣಪತ್ರ ಕಳ್ಳನಿಗೂ ಉಚಿತವಾಗಿ ಸಿಗುತ್ತದೆ.

ಇದೇ ಕಾರಣಕ್ಕೆ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರಿಗೆ ಬದಲಾಗಬೇಕೆಂದು ಆದೇಶಿಸಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದೇ ಆ ಹೆಸರುಗಳನ್ನು ಕೊಡುವುದು. ಹಣ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮಾವಿನತೋಪು, ಶ್ರೀನಿವಾಸಪುರ

ಇಮೇಲ್ ಮತ್ತು ರಿಜಿಸ್ಟರ್ ಪೋಸ್ಟ್ ಎರಡನ್ನೂ ಕಳುಹಿಸಿದ ಮೇಲೆ ಡಿಸೈನರ್ ಉತ್ತರ ಕೊಟ್ಟರು. ಅವರು ಆ ಕೆಲಸವನ್ನೇ ಬಿಟ್ಟಿದ್ದಾರಂತೆ, ನೆನಪೋಲೆಗಳು ಹಳೆಯ ಇಮೇಲ್‌ಗೆ ಹೋಗುತ್ತಿದ್ದವಂತೆ. ಹಣ ಕಟ್ಟಿ ನವೀಕರಿಸಿದ್ದಾರೆ, ಹೆಸರನ್ನು ಸಂಘಕ್ಕೆ ಬಿಟ್ಟುಕೊಡಲೂ ಒಪ್ಪಿದ್ದಾರೆ. ಬಿಟ್ಟುಕೊಡುವುದು ಹೇಗೆ ಎಂದು ಅವರಿಗೂ ಸರಿಯಾಗಿ ತಿಳಿದಿಲ್ಲ.

ಸರ್ವರ್ ಕೋಣೆ, ತುಮಕೂರು

ಬಹಳ ಸಂತೋಷ. ಅದೇ ರಿಜಿಸ್ಟ್ರಾರ್ ಬಳಿ ಸಂಘದ ಹೆಸರಿನಲ್ಲಿ ಹೊಸ ಖಾತೆ ತೆರೆಯಿರಿ, ಖಾತೆಯಿಂದ ಖಾತೆಗೆ ವರ್ಗಾಯಿಸುವಂತೆ ಅವರಿಗೆ ಹೇಳಿ, ಇದು ಸುಲಭದ ದಾರಿ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಬೇಕೆಂದರೆ ಹೆಸರಿನ ಬೀಗ ತೆಗೆಸಿ ಆಥರೈಸೇಷನ್ ಕೋಡ್ ಎಂಬ ವರ್ಗಾವಣೆಯ ಗುಪ್ತಪದ ಪಡೆಯಬೇಕು. ಖಾತೆದಾರರು ಕೇಳಿದ ಐದು ದಿನಗಳೊಳಗೆ ಅದನ್ನು ಕೊಡಲೇಬೇಕೆಂದು ನಿಯಮವಿದೆ.

ಖಾತೆಗೆ ಕೊಡುವ ಇಮೇಲ್ ಬಗ್ಗೆ ಒತ್ತಿ ಹೇಳುತ್ತೇನೆ: ಸಂಘದ ಇದೇ ಹೆಸರಿನ ಇಮೇಲನ್ನು ಅಲ್ಲಿ ಕೊಡಬೇಡಿ. ಹೆಸರು ನಿಂತ ದಿನ ಆ ಇಮೇಲೂ ನಿಲ್ಲುವುದರಿಂದ ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೂ ಮುಚ್ಚಿಹೋಗುತ್ತದೆ. ಸಂಘಕ್ಕೆಂದೇ ಒಂದು ಜಿಮೇಲ್ ಖಾತೆ ಮಾಡಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರ ಬಳಿಯೂ ಅದರ ವಿವರ ಇರಲಿ, ಎರಡು ಹಂತದ ದೃಢೀಕರಣ ಹಾಕಿಸಿ. ಪದಾಧಿಕಾರಿಗಳು ಬದಲಾದಾಗ ಚೆಕ್ ಪುಸ್ತಕದ ಜೊತೆ ಇದೂ ಹಸ್ತಾಂತರವಾಗಬೇಕೆಂದು ಠರಾವು ಬರೆಸಿ.

ಕೋಟೆಬೀದಿ, ಕೋಲಾರ

ನಮ್ಮ ಯುವಕ ಸಂಘದ ಹೆಸರನ್ನೂ ಈಗಷ್ಟೇ ಲುಕಪ್ ಮಾಡಿದೆ. ಖಾತೆ ಯಾರ ಬಳಿ ಇದೆ ಎಂದು ಪದಾಧಿಕಾರಿಗಳಲ್ಲಿ ಒಬ್ಬರಿಗೂ ಗೊತ್ತಿಲ್ಲ, ನಾಳೆಯೇ ವಿಚಾರಿಸುತ್ತೇನೆ.

ಮಾವಿನತೋಪು, ಶ್ರೀನಿವಾಸಪುರ

ಹೆಸರು ಸಂಘದ ಖಾತೆಗೆ ಬಂತು, ನೇಮ್ ಸರ್ವರನ್ನೂ ಹಳೆಯದಕ್ಕೆ ಮರಳಿಸಿದೆವು. ಮಗಳ ಫೋನಿನಲ್ಲಿ ನಮ್ಮ ಪುಟ ತೆರೆಯುತ್ತಿದೆ, ನನ್ನ ಫೋನಿನಲ್ಲಿ ಇನ್ನೂ ಜಾಹೀರಾತೇ ಬರುತ್ತಿದೆ. ಎಲ್ಲಿಯಾದರೂ ತಪ್ಪಾಗಿದೆಯೇ?

ಸರ್ವರ್ ಕೋಣೆ, ತುಮಕೂರು

ತಪ್ಪೇನೂ ಆಗಿಲ್ಲ. ಪ್ರತಿ ಉತ್ತರಕ್ಕೂ ಟಿಟಿಎಲ್ ಎಂಬ ಆಯುಸ್ಸು ಇರುತ್ತದೆ, ಅದು ಮುಗಿಯುವವರೆಗೆ ರಿಸಾಲ್ವರ್ ಮತ್ತೆ ಕೇಳದೆ ನೆನಪಿನಲ್ಲಿರುವುದನ್ನೇ ಹೇಳುತ್ತದೆ. ಡಾಟ್ ಕಾಮ್ ರಿಜಿಸ್ಟ್ರಿ ಕೊಡುವ ನೇಮ್ ಸರ್ವರ್ ದಾಖಲೆಯ ಆಯುಸ್ಸು 1,72,800 ಸೆಕೆಂಡು, ಅಂದರೆ ಪೂರ್ತಿ ಎರಡು ದಿನ. ನಿಮ್ಮ ಮಗಳ ಫೋನ್ ಬೇರೆ ಕಂಪನಿಯ ಸಿಮ್ ಆಗಿದ್ದು, ಆ ರಿಸಾಲ್ವರ್ ಹೊಸ ಉತ್ತರವನ್ನು ತಂದುಕೊಂಡಿರಬೇಕು. ಎರಡು ದಿನ ಕಳೆದ ಮೇಲೂ ಹಳೆಯದೇ ಬಂದರೆ ಫೋನನ್ನು ಒಮ್ಮೆ ಆರಿಸಿ ಹಾಕಿ ನೋಡಿ. ಅಲ್ಲಿಯವರೆಗೆ ದೊಡ್ಡ ಗ್ರಾಹಕರಿಗೆ ಫೋನ್ ಮಾಡಿ ಆರ್ಡರ್ ಬರೆದುಕೊಳ್ಳುವುದು ಒಳ್ಳೆಯದು. ಎಂಎಕ್ಸ್ ದಾಖಲೆಗೂ ಇದೇ ಮಾತು ಅನ್ವಯಿಸುವುದರಿಂದ ಕೆಲವರ ಇಮೇಲ್‌ಗಳು ಇನ್ನೂ ಹಿಂದಿರುಗಿ ಹೋಗುತ್ತಿರಬಹುದು.